ಐಹೊಳೆಗೆ ಒಂದೇ ಗಂಟೆ ಕೊಡುವುದಾದರೆ ಹೋಗಬೇಡಿ

ಬಾದಾಮಿಯಲ್ಲಿ ಬಾಡಿಗೆ ಗಾಡಿಯವರನ್ನು ಕೇಳಿದರೆ ಪಟ್ಟಿ ತಯಾರಾಗಿಯೇ ಇರುತ್ತದೆ: ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಸಂಜೆ ಗುಹೆ ನೋಡಲು ವಾಪಸ್. ಐಹೊಳೆ ಕೊನೆಗೆ ಬರುವುದಕ್ಕೆ ಕಾರಣ ಅದು ದೂರ ಇರುವುದು, ಬೇರೇನಲ್ಲ. ಹೀಗಾಗಿ ಜನ ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ ಒಂದಾಗಿರುತ್ತದೆ. ಹೊಟ್ಟೆ ಹಸಿದಿರುತ್ತದೆ, ಕಲ್ಲು ಕಾದಿರುತ್ತದೆ. ದುರ್ಗ ಗುಡಿಯ ಮುಂದೆ ನಾಲ್ಕು ಫೋಟೊ, ಪಕ್ಕದ ಲಾಡ್‌ಖಾನ್ ಗುಡಿಯೊಳಗೆ ಒಂದು ಇಣುಕು, ಮತ್ತೆ ಗಾಡಿ. 'ಐಹೊಳೆಯಲ್ಲಿ ಅಂಥದ್ದೇನಿಲ್ಲ' ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ನೂರಿಪ್ಪತ್ತಕ್ಕೂ ಹೆಚ್ಚು ಗುಡಿಗಳಿರುವ ಊರಲ್ಲಿ ಎರಡನ್ನು ನೋಡಿ ಹೇಳುವ ಮಾತು ಅದು.

ಅಂಕ ಕೊಡುವುದಾದರೆ ಗುಡಿಗಳಿಗೆ ಐದಕ್ಕೆ ಐದು. ಊಟ, ನೆರಳು, ಶೌಚಾಲಯ, ದಾರಿಫಲಕ ಎಲ್ಲ ಸೇರಿಸಿ ಐದಕ್ಕೆ ಎರಡು. ಸೌಕರ್ಯದ ಕೊರತೆಯನ್ನು ತಯಾರಿಯಿಂದ ತುಂಬಿಕೊಳ್ಳಬಹುದು, ಹೊತ್ತಿನ ಕೊರತೆಯನ್ನು ತುಂಬಿಕೊಳ್ಳಲಾಗದು. ಐಹೊಳೆಗೆ ಒಂದು ಪೂರ್ತಿ ದಿನ ಕೊಡಿ. ಆಗದಿದ್ದರೆ ಬೆಳಗಿನಿಂದ ಮಧ್ಯಾಹ್ನದವರೆಗಾದರೂ ಕೊಡಿ. ಅದೂ ಆಗದಿದ್ದರೆ ಈ ಸಲ ಪಟ್ಟದಕಲ್ಲನ್ನೇ ನೆಮ್ಮದಿಯಾಗಿ ನೋಡಿ ಬನ್ನಿ, ಐಹೊಳೆ ಇನ್ನೊಂದು ಸಲಕ್ಕಿರಲಿ.

ಹೋಗುವ ದಾರಿ

ಐಹೊಳೆ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭೆಯ ದಂಡೆಯಲ್ಲಿ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿ.ಮೀ., ಅಲ್ಲಿಂದ ಮುಂದೆ ಐಹೊಳೆಗೆ ಹದಿಮೂರು ಹದಿನಾಲ್ಕು. ಒಟ್ಟು ಸುಮಾರು 35. ಬಾಗಲಕೋಟೆ ಕಡೆಯಿಂದ ಬಂದರೂ ಹತ್ತಿರ ಹತ್ತಿರ ಅಷ್ಟೇ. ಬೆಂಗಳೂರಿನವರಿಗೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ಬಾದಾಮಿಯಲ್ಲಿ ನಿಲ್ಲುತ್ತದೆ. ನಿಲ್ದಾಣದಿಂದ ಊರು ಸುಮಾರು ಐದು ಕಿ.ಮೀ., ಆಟೊ ಸಿಗುತ್ತದೆ. ಹುಬ್ಬಳ್ಳಿಯವರೆಗೆ ವಿಮಾನದಲ್ಲೋ ರೈಲಿನಲ್ಲೋ ಬಂದರೆ ಅಲ್ಲಿಂದ ಬಾದಾಮಿಗೆ ನೂರು ಕಿ.ಮೀ. ದಾಟುತ್ತದೆ.

ಬಸ್ಸಿನಲ್ಲೂ ಹೋಗಬಹುದು. ಬಾದಾಮಿಯಿಂದ ಪಟ್ಟದಕಲ್ಲಿನವರೆಗೆ ಚಿಂತೆಯಿಲ್ಲ, ಅಲ್ಲಿಂದ ಮುಂದೆ ಬಸ್ಸುಗಳು ವಿರಳ. ಇಳಿಯುವಾಗಲೇ ಕಂಡಕ್ಟರ್ ಹತ್ತಿರ ವಾಪಸ್ ಬಸ್ಸಿನ ಹೊತ್ತು ಕೇಳಿಟ್ಟುಕೊಳ್ಳಿ. ಆ ಹೊತ್ತನ್ನು ಊರಿನ ಚಹಾ ಅಂಗಡಿಯಲ್ಲೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಕೊನೆಯ ಬಸ್ ತಪ್ಪಿದರೆ ಐಹೊಳೆಯಲ್ಲಿ ಉಳಿಯಲು ಆಯ್ಕೆ ತೀರ ಕಡಿಮೆ, ಲಾಡ್ಜುಗಳೆಲ್ಲ ಬಾದಾಮಿಯಲ್ಲಿವೆ. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಕೂಡ ಅಲ್ಲೇ. ನಾಲ್ಕು ಜನ ಇದ್ದರೆ ಗಾಡಿಯೇ ಲೇಸು. ಬಾಡಿಗೆ ಮಾತಾಡುವಾಗ ಕಿಲೋಮೀಟರಿಗಿಂತ ಕಾಯುವ ಹೊತ್ತಿನ ಬಗ್ಗೆ ಗಟ್ಟಿಯಾಗಿ ಮಾತಾಡಿ: 'ಐಹೊಳೆಯಲ್ಲಿ ಸಂಜೆ ಐದೂವರೆ ತನಕ ನಿಲ್ಲಬೇಕ್ರಿ' ಎಂದು ಮೊದಲೇ ಹೇಳಿ. ಹೇಳದಿದ್ದರೆ ಎರಡು ತಾಸಾಗುತ್ತಲೇ ಹಾರ್ನ್ ಶುರುವಾಗುತ್ತದೆ. ಅವರ ತಪ್ಪೂ ಅಲ್ಲ, ಪಟ್ಟಿಯ ಲೆಕ್ಕ ಹಾಗಿರುತ್ತದೆ.

ಮ್ಯಾಪಿನಲ್ಲಿ ಬರಿ 'ಐಹೊಳೆ' ಎಂದು ಹಾಕಿದರೆ ಗಾಡಿ ಊರೊಳಗಿನ ಓಣಿಗೆ ನುಗ್ಗುತ್ತದೆ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಹಿಂದೆ ಸರಿಯಲೂ ಜಾಗವಿರುವುದಿಲ್ಲ. 'ದುರ್ಗ ಗುಡಿ' ಎಂದೇ ಹಾಕಿ, ಗಾಡಿಯನ್ನು ಅಲ್ಲೇ ಬಿಡಿ. ಊರೊಳಗಿನ ಗುಡಿಗಳನ್ನು ನೋಡಲು ನಡಿಗೆಯೇ ಸರಿ.

ಟಿಕೆಟ್ ಇರುವುದು ದುರ್ಗ ಗುಡಿಯ ಆವರಣಕ್ಕೆ. ಭಾರತೀಯರಿಗೆ ಕೌಂಟರಿನಲ್ಲಿ 25 ರೂಪಾಯಿ, ಆನ್‌ಲೈನ್‌ನಲ್ಲಿ ತೆಗೆದರೆ ಐದು ರೂಪಾಯಿ ಕಡಿಮೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಗೇಟಿನ ಮುಂದೆ ನಿಂತು ಫೋನಿನಲ್ಲಿ ಟಿಕೆಟ್ ತೆಗೆಯಲು ಹೋದರೆ ನೆಟ್‌ವರ್ಕ್ ಕೈಕೊಡಬಹುದು. ಬಾದಾಮಿಯಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಇಲ್ಲವೇ ಚಿಲ್ಲರೆ ಒಯ್ಯಿರಿ. ಒಳಗಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ವಾರದ ಲೆಕ್ಕ ಹಾಕುವಾಗ ಇದೊಂದು ನೆನಪಿರಲಿ. ಟ್ರೈಪಾಡ್, ಡ್ರೋನ್ ಎರಡಕ್ಕೂ ಪುರಾತತ್ವ ಇಲಾಖೆಯ ಮುಂಗಡ ಅನುಮತಿ ಬೇಕು. ಗೇಟಿನಲ್ಲಿ ಚೌಕಾಸಿ ಮಾಡಿ ಪ್ರಯೋಜನವಿಲ್ಲ.

ಬೆಳಕು ನೋಡಿ ಕ್ರಮ ಹಾಕಿ

ಯಾವ ಗುಡಿಯನ್ನು ಯಾವ ಹೊತ್ತಿಗೆ ನೋಡುವುದು ಎಂಬುದರ ಮೇಲೆ ಐಹೊಳೆಯಲ್ಲಿ ಬಹಳಷ್ಟು ನಿಂತಿದೆ. ಒಳಗೆ ವಿದ್ಯುದ್ದೀಪದ ಭರವಸೆ ಇಲ್ಲ, ಕಲ್ಲು ಕೆಂಪು ಮರಳುಗಲ್ಲು, ಉಬ್ಬುಶಿಲ್ಪಗಳ ಆಳ ಓರೆ ಬೆಳಕಿನಲ್ಲಷ್ಟೇ ಎದ್ದು ಕಾಣುತ್ತದೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೋಡೆ ಬೆಳ್ಳಗಾಗಿ ಕಣ್ಣು ಕುಕ್ಕುತ್ತದೆ, ಒಳಗೆ ಕತ್ತಲು. ಫೋನಿನ ಕ್ಯಾಮೆರಾ ಎರಡನ್ನೂ ಹಾಳು ಮಾಡುತ್ತದೆ.

ದುರ್ಗ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ಎಂಟರ ಸುಮಾರಿಗೆ ಮುಖಮಂಟಪದ ಕಂಬಗಳ ಮೇಲೆ ನೇರ ಬೆಳಕು ಬಿದ್ದು, ಜೋಡಿ ಶಿಲ್ಪಗಳು ಮೈದುಂಬಿ ಕಾಣುತ್ತವೆ. ಆದ್ದರಿಂದ ಶುರು ಅಲ್ಲಿಂದಲೇ. ಮೆಟ್ಟಿಲು ಮುಂದುಗಡೆ ಇಲ್ಲ, ಎರಡು ಪಕ್ಕದಲ್ಲಿವೆ. ಹತ್ತಿದ ಕೂಡಲೇ ತಲೆ ಎತ್ತಿ: ಛಾವಣಿಯಲ್ಲಿ ಸುರುಳಿ ಸುತ್ತಿಕೊಂಡ ನಾಗರಾಜ, ಇನ್ನೊಂದು ಅಂಕಣದಲ್ಲಿ ಚಕ್ರದಂತೆ ಸುತ್ತುವರಿದ ಮೀನುಗಳು. ಬಹುತೇಕ ಜನ ಇವುಗಳ ಕೆಳಗೇ ನಡೆದು ಹೋಗುತ್ತಾರೆ.

ಒಳಗೆ ಹೋಗುವ ಮೊದಲು ಹೊರಗಿನ ಪ್ರದಕ್ಷಿಣಾ ಪಥದಲ್ಲಿ ಒಂದು ಸುತ್ತು ಹಾಕಿ, ಎಡದಿಂದ. ಈ ಗುಡಿಯ ಜೀವ ಆ ಮೊಗಸಾಲೆಯಲ್ಲಿದೆ. ಗೋಡೆಯ ಕೋಷ್ಠಗಳಲ್ಲಿ, ಅಂದರೆ ಮೂರ್ತಿ ಕೂರಿಸುವ ಗೂಡುಗಳಲ್ಲಿ, ದಕ್ಷಿಣ ಬದಿಗೆ ನಂದಿಯೊಡನೆ ಶಿವ, ನರಸಿಂಹ, ಗರುಡವಾಹನ ವಿಷ್ಣು; ಹಿಂಬದಿಯ ತಿರುವು ದಾಟಿದ ಮೇಲೆ ಉತ್ತರಕ್ಕೆ ವರಾಹ, ಮಹಿಷಮರ್ದಿನಿ, ಹರಿಹರ. ದಕ್ಷಿಣ ಬದಿಯಲ್ಲಿ ಚಳಿಗಾಲದ ಬಿಸಿಲು ಕಂಬಗಳ ನಡುವೆ ಪಟ್ಟೆಪಟ್ಟೆಯಾಗಿ ಬೀಳುವುದರಿಂದ ಮೂರ್ತಿಯ ಅರ್ಧ ಮುಖ ಬಿಸಿಲಿಗೆ, ಅರ್ಧ ನೆರಳಿಗೆ ಸಿಕ್ಕುತ್ತದೆ. ಒಂದು ಮೋಡ ಬರುವವರೆಗೆ ಕಾಯುವುದು ಒಳ್ಳೆಯದು. ಉತ್ತರ ಬದಿ ಹಾಗಲ್ಲ, ಆಗ ಇಡೀ ದಿನ ತಣ್ಣನೆ ಬೆಳಕು. ಮಹಿಷಮರ್ದಿನಿಯ ಮುಂದೆ ಐದು ನಿಮಿಷ ನಿಲ್ಲಿ. ಎಂಟು ಕೈ, ತ್ರಿಶೂಲ ಕೋಣದ ಕುತ್ತಿಗೆಗೆ ನಾಟಿದೆ. ಮುಂದಿನ ಕಾಲದ ಶಿಲ್ಪಗಳಲ್ಲಿ ಕೋಣದ ಮೈಯಿಂದ ಎದ್ದು ಬರುವ ಮನುಷ್ಯರೂಪದ ರಕ್ಕಸ ಇಲ್ಲಿಲ್ಲ. ಇಲ್ಲಿರುವುದು ಇಡಿಯ ಕೋಣ. ದೇವಿಯ ಮುಖದಲ್ಲಿ ಸಿಟ್ಟೂ ಇಲ್ಲ.

ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ, ಗಜಪೃಷ್ಠ ಎನ್ನುವುದು ಅದಕ್ಕೇ. ಶಿಖರ ಅರ್ಧ ಹೋಗಿದೆ. ಅದರ ನೆತ್ತಿಯ ಮೇಲಿರಬೇಕಿದ್ದ ಆಮಲಕ, ನೆಲ್ಲಿಕಾಯಿಯಂತೆ ಗೆರೆಗಳಿರುವ ದುಂಡುಕಲ್ಲು, ಕೆಳಗೆ ನೆಲದ ಮೇಲಿದೆ. ಅದರ ಪಕ್ಕ ನಿಂತರೆ ಮೇಲಿದ್ದಾಗ ಅದು ಎಷ್ಟು ಚಿಕ್ಕದಾಗಿ ಕಾಣುತ್ತಿತ್ತು, ನಿಜಕ್ಕೂ ಎಷ್ಟು ದೊಡ್ಡದು ಎಂಬ ಅಂದಾಜು ಸಿಗುತ್ತದೆ. ಎಲ್ಲ ಪೋಸ್ಟ್‌ಕಾರ್ಡುಗಳಲ್ಲಿ ಬರುವ ಆ ಹಿಂಬದಿಯ ನೋಟಕ್ಕೆ ಬೆಳಗಿನ ಬಿಸಿಲು ಸಲ್ಲದು. ಪಶ್ಚಿಮದ ಬೆಳಕು ಬೇಕು, ಅಂದರೆ ಮೂರೂವರೆಯ ನಂತರ. ಟಿಕೆಟ್ ಬಿಸಾಡಬೇಡಿ, ಸಂಜೆ ಮತ್ತೆ ಬರುತ್ತೇವೆಂದು ಗೇಟಿನಲ್ಲಿ ಹೇಳಿಟ್ಟು ಹೊರಡಿ.

ಇದು ದುರ್ಗಾದೇವಿಯ ಗುಡಿಯಲ್ಲ ಎಂಬುದನ್ನು ಮಾರ್ಗದರ್ಶಿಗಳೂ ಹೇಳುತ್ತಾರೆ. ಹಿಂದೆ ಕೋಟೆಯ ಭಾಗವಾಗಿ ಬಳಕೆಯಾದದ್ದರಿಂದ ಬಂದ ಹೆಸರು. ಆವರಣದ ಬಾಗಿಲಲ್ಲಿರುವ ಶಾಸನ ಆದಿತ್ಯನ ಗುಡಿ ಎನ್ನುತ್ತದೆ. ದೇವಿಯ ಗುಡಿ ಬೇಕೆಂದರೆ ಕೆಲವೇ ಹೆಜ್ಜೆ ದೂರದ ಗೌಡರ ಗುಡಿಗೆ ಹೋಗಿ. ನೆಲಮಟ್ಟಕ್ಕಿಂತ ಕೆಳಗೆ ಕುಳಿತ, ಸುತ್ತ ಕಂಬಗಳ, ಗೋಡೆಯಿಲ್ಲದ ಮಂಟಪ ಅದು. ಬಾಗಿಲವಾಡದ ಮೇಲೆ ಗಜಲಕ್ಷ್ಮಿ ಇದ್ದಾಳೆ, ಶಾಸನದಲ್ಲಿ ಭಗವತಿಯ ಹೆಸರಿದೆ. ಅಲ್ಲಿ ಯಾರೂ ನಿಲ್ಲುವುದಿಲ್ಲ, ಹಾಗಾಗಿ ಕೂತು ನೀರು ಕುಡಿಯಲು ಒಳ್ಳೆಯ ಜಾಗ.

ಲಾಡ್‌ಖಾನ್ ಗುಡಿಯನ್ನು ಮೊದಲು ಹೊರಗಿನಿಂದ, ದೂರ ಸರಿದು ನೋಡಿ. ನಾಲ್ಕೂ ಕಡೆ ಇಳಿಜಾರಾದ ಕಲ್ಲಿನ ಛಾವಣಿ. ಹಾಸುಗಲ್ಲುಗಳ ಸಂದಿಯ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಮುಚ್ಚಿದ್ದಾರೆ, ಮಳೆನೀರು ಒಳಗೆ ಇಳಿಯದಿರಲೆಂದು. ಮರದ ಮನೆ ಕಟ್ಟುವ ಬಡಗಿಯ ಕೈಚಳಕವನ್ನು ಕಲ್ಲುಕುಟಿಗ ಹಾಗೆಯೇ ಎತ್ತಿಕೊಂಡಿರುವುದು ಇಲ್ಲಿ ಎದ್ದು ಕಾಣುತ್ತದೆ. ಹಳೆಯ ಪುಸ್ತಕಗಳು ಇದನ್ನು ಐದನೆಯ ಶತಮಾನಕ್ಕೆ ಹಾಕುತ್ತಿದ್ದವು. ಈಗಿನ ವಿದ್ವಾಂಸರು ಏಳನೆಯ ಶತಮಾನದ ಕೊನೆ ಅಥವಾ ಎಂಟರ ಆರಂಭ ಎನ್ನುತ್ತಾರೆ. ಯಾರಾದರೂ 'ಭಾರತದ ಅತಿ ಹಳೆಯ ಗುಡಿ' ಎಂದರೆ ನಕ್ಕು ಮುಂದೆ ಹೋಗಿ. ಒಳಗೆ ಚೌಕದೊಳಗೆ ಚೌಕವಾಗಿ ಕಂಬಗಳು, ನಡುವೆ ನಂದಿ, ಹಿಂದಿನ ಗೋಡೆಗೆ ಆತುಕೊಂಡ ಗರ್ಭಗುಡಿ. ಗೋಡೆಯ ಜಾಲಂಧ್ರಗಳು (ಕಲ್ಲಿನ ಜಾಲರಿ ಕಿಟಕಿಗಳು) ಒಂದೊಂದು ಒಂದೊಂದು ವಿನ್ಯಾಸ. ಛಾವಣಿಯ ಮೇಲೆ ಇನ್ನೊಂದು ಪುಟ್ಟ ಗುಡಿಯಿದೆ, ಅದರ ಹೊರಗೋಡೆಯಲ್ಲಿ ವಿಷ್ಣು, ಸೂರ್ಯ, ಶಿವ. ಮೇಲೇರಲು ಕೊರೆದ ಕಲ್ಲಿನ ಏಣಿ ಇದೆಯೆಂದು ಹತ್ತಲು ಹೋಗಬೇಡಿ; ಕಾವಲುಗಾರರ ಅನುಮತಿಯಿಲ್ಲದೆ ಹತ್ತುವುದು ತಪ್ಪು, ಇಳಿಯುವುದು ಹತ್ತುವುದಕ್ಕಿಂತ ಕಷ್ಟ.

ಮನೆಮಂದಿ ಗುಡಿಗಳಲ್ಲೇ ವಾಸವಿದ್ದ ಊರು ಇದು. ಲಾಡ್‌ಖಾನ್, ಗೌಡರು, ಬಡಿಗೇರರು, ಅಂಬಿಗೇರರು, ಹುಚ್ಚಪ್ಪಯ್ಯ ಎಂದೆಲ್ಲ ಗುಡಿಗಳಿಗೆ ಹೆಸರಿರುವುದು ಅದರಿಂದ. ಹಾಗಾಗಿ ಹೆಸರು ನೋಡಿ ದೇವರನ್ನು ಹುಡುಕಬೇಡಿ.

ಮೇಗುಟಿ: ಹೊತ್ತು ತಪ್ಪಿದರೆ ಶಾಸನ ಕಾಣದು

ಹತ್ತರ ಸುಮಾರಿಗೆ ಮೇಗುಟಿ ಗುಡ್ಡದ ಮೆಟ್ಟಿಲು ಹಿಡಿಯಿರಿ. ಏರು ದೊಡ್ಡದಲ್ಲ, ಆದರೆ ಮೆಟ್ಟಿಲುಗಳು ಏರುಪೇರು, ನೆರಳಿಲ್ಲ. ಮೊಣಕಾಲು ನೋವಿನವರು ಇಳಿಯುವಾಗ ಹೆಚ್ಚು ಜೋಕೆಯಿಂದಿರಬೇಕು. ತುದಿಗಿಂತ ಸ್ವಲ್ಪ ಕೆಳಗೆ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ, ಅರ್ಧ ಬಂಡೆಯಲ್ಲಿ ಕೊರೆದದ್ದು, ಅರ್ಧ ಕಟ್ಟಿದ್ದು. ಮೇಲಂತಸ್ತಿನ ಮೊಗಸಾಲೆಯ ಛಾವಣಿಯಲ್ಲಿ ಕೊಡೆಯ ಕೆಳಗೆ ಕುಳಿತ ಬುದ್ಧನಿದ್ದಾನೆ. ಎಲ್ಲರೂ ದಣಿವಾರಿಸಿಕೊಳ್ಳಲು ಇಲ್ಲಿ ಕೂರುತ್ತಾರೆ, ಛಾವಣಿ ನೋಡುವವರು ಕಡಿಮೆ.

ಮೇಲಿರುವುದು ಜೈನ ಬಸದಿ. ಕಟ್ಟಿಸಿದವನು ಇಮ್ಮಡಿ ಪುಲಕೇಶಿಯ ಆಸ್ಥಾನದ ರವಿಕೀರ್ತಿ. ಕಾಲ ಶಕ 556, ಅಂದರೆ ಕ್ರಿ.ಶ. 634-35. ಇಸವಿ ಗೊತ್ತಿರುವ ಗುಡಿಯೆಂಬುದೇ ಈ ಊರಲ್ಲಿ ಅಪರೂಪ, ಉಳಿದವುಗಳ ಕಾಲವನ್ನೆಲ್ಲ ಶೈಲಿ, ಲಿಪಿ ನೋಡಿ ಅಂದಾಜು ಮಾಡಿದ್ದು. ಶಾಸನ ಪೂರ್ವದ ಹೊರಗೋಡೆಯಲ್ಲಿದೆ: ಹತ್ತೊಂಬತ್ತು ಸಾಲು, ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಪುಲಕೇಶಿ ಹರ್ಷವರ್ಧನನನ್ನು ತಡೆದ ವಿಷಯ ನಮಗೆ ತಿಳಿದಿರುವುದಕ್ಕೆ ಈ ಗೋಡೆ ಮುಖ್ಯ ಆಧಾರ. ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಅವನ ಆತ್ಮಪ್ರಶಂಸೆಯಿಂದ ನಮಗಾದ ಲಾಭವೆಂದರೆ ಕಾಳಿದಾಸ 634ಕ್ಕಿಂತ ಮೊದಲಿನವನು ಎಂದು ಗಟ್ಟಿಯಾಗಿ ಹೇಳಲು ಸಾಧ್ಯವಾದದ್ದು. ಮಹಾಭಾರತ ಯುದ್ಧವಾಗಿ 3735 ವರ್ಷ ಕಳೆದಿವೆ ಎಂಬ ಲೆಕ್ಕವೂ ಇದೇ ಕಲ್ಲಿನಲ್ಲಿದೆ.

ಇಲ್ಲಿಗೆ ಬೆಳಗ್ಗೆ ಏಳಕ್ಕೇ ಬಂದವರಿಗೆ ನಿರಾಸೆ ಕಾದಿರುತ್ತದೆ. ಪೂರ್ವದ ಗೋಡೆಗೆ ಆಗ ಬಿಸಿಲು ನೆಟ್ಟಗೆ ಹೊಡೆಯುತ್ತದೆ. ಕೊರೆತ ಆಳವಿಲ್ಲ, ಅಕ್ಷರದ ಕುಳಿಯಲ್ಲಿ ನೆರಳೇ ಬೀಳುವುದಿಲ್ಲ, ಗೋಡೆ ಬರಿ ಕೆಂಪು ಹಲಗೆಯಂತೆ ಕಾಣುತ್ತದೆ. ಹತ್ತೂವರೆಯಿಂದ ಹನ್ನೊಂದೂವರೆಯ ನಡುವೆ ಸೂರ್ಯ ಮೇಲೇರಿ ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುವಾಗ ಸಾಲುಗಳು ಒಂದೊಂದಾಗಿ ಎದ್ದು ಬರುತ್ತವೆ. ಮಧ್ಯಾಹ್ನದ ನಂತರ ಆ ಗೋಡೆ ಪೂರ್ತಿ ನೆರಳಿಗೆ ಹೋಗುತ್ತದೆ. ಆಗ ಟಾರ್ಚನ್ನು ಗೋಡೆಗೆ ಹತ್ತಿರ, ಪಕ್ಕದಿಂದ ಓರೆಯಾಗಿ ಹಿಡಿದರೆ ಓದಲು ಬರುತ್ತದೆ. ಎದುರಿನಿಂದ ಹಿಡಿದರೆ ಇಲ್ಲ. ಅಕ್ಷರಕ್ಕೆ ಬಣ್ಣ ತುಂಬುವುದು, ಸೀಮೆಸುಣ್ಣ ಉಜ್ಜುವುದು, ನೀರು ಚಿಮುಕಿಸುವುದು ಬೇಡವೇ ಬೇಡ. ಅದು ಅಪರಾಧ, ಕಲ್ಲಿಗೂ ಕೇಡು. ಬೇಸಿಗೆಯಲ್ಲಿ ಹನ್ನೊಂದಕ್ಕೆ ಗುಡ್ಡದ ಮೇಲಿರುವುದು ಶಿಕ್ಷೆಯೇ. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರು ಮೇಗುಟಿಯನ್ನು ಮುಂಜಾನೆಗೇ ಮುಗಿಸಿ, ಶಾಸನಕ್ಕೆ ಹೊತ್ತು ಸರಿಯಿಲ್ಲ ಎಂದು ಒಪ್ಪಿಕೊಳ್ಳಿ.

ಹೊರಗೋಡೆಯ ಕೋಷ್ಠಗಳು ಖಾಲಿ ಇರುವುದನ್ನು ನೋಡಿ 'ಎಲ್ಲ ಕದ್ದೊಯ್ದಿದ್ದಾರೆ' ಎಂದು ಹಲವರು ಹೇಳುವುದುಂಟು. ಗುಡಿಯ ಕೆಲಸವೇ ಪೂರ್ಣವಾಗಿಲ್ಲ. ಇಲ್ಲಿದ್ದ ಅಂಬಿಕೆಯ ಚೆಂದದ ಮೂರ್ತಿ ಮಾತ್ರ ಈಗ ಕೆಳಗಿನ ವಸ್ತುಸಂಗ್ರಹಾಲಯದಲ್ಲಿದೆ. ಬಸದಿಯ ಹಿಂದೆ ಬಯಲಲ್ಲಿ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಬೃಹತ್ ಶಿಲಾಯುಗದ ಸಮಾಧಿಗಳಿವೆ. ಚಾಲುಕ್ಯರಿಗಿಂತ ಎಷ್ಟೋ ಶತಮಾನ ಹಿಂದಿನವು. ಸುತ್ತ ಜಾಲಿಮುಳ್ಳು, ಬಂಡೆಸಂದಿಯಲ್ಲಿ ಹಾವು ಇರಬಹುದು. ಮುಚ್ಚಿದ ಬೂಟು ಹಾಕಿದವರು ಮಾತ್ರ ಹೋಗಿ. ಗುಡ್ಡದ ಅಂಚಿನಿಂದ ಕೆಳಗೆ ನೋಡಿದರೆ ಇಡೀ ಊರು, ಗುಡಿಗಳು, ಹೊಳೆ ಒಟ್ಟಿಗೆ ಕಾಣುತ್ತವೆ. ಮುಂದಿನ ಅರ್ಧ ದಿನದ ದಾರಿಯನ್ನು ಅಲ್ಲಿಂದಲೇ ಗುರುತು ಮಾಡಿಕೊಳ್ಳಿ, ಕೆಳಗಿಳಿದ ಮೇಲೆ ದಾರಿಫಲಕಗಳು ಅಷ್ಟು ನೆರವಿಗೆ ಬರುವುದಿಲ್ಲ.

ನಡು ಮಧ್ಯಾಹ್ನ

ಹನ್ನೆರಡರಿಂದ ಎರಡೂವರೆ ವಸ್ತುಸಂಗ್ರಹಾಲಯಕ್ಕೂ ಊಟಕ್ಕೂ ಇರಲಿ. ಸಂಗ್ರಹಾಲಯ ಸಣ್ಣದು, ಮುಕ್ಕಾಲು ತಾಸು ಸಾಕು. ಐಹೊಳೆಯ ಕಣಿವೆಯ ಮಾದರಿಯೊಂದಿದೆ. ಯಾವ ಗುಂಪು ಎಲ್ಲಿದೆ ಎಂಬುದು ಅದನ್ನು ನೋಡಿದರೆ ಮನಸ್ಸಿನಲ್ಲಿ ಕೂರುತ್ತದೆ. ಇಲ್ಲಿನ ಕೆಲವು ಛಾವಣಿ ಶಿಲ್ಪಗಳು ಹಿಂದೆಯೇ ಮುಂಬೈನ ಸಂಗ್ರಹಾಲಯ ಸೇರಿವೆ, ಅವನ್ನು ಇಲ್ಲಿ ಹುಡುಕಿ ಫಲವಿಲ್ಲ.

ಊಟದ ವಿಷಯದಲ್ಲಿ ಐಹೊಳೆಯನ್ನು ನಂಬಬೇಡಿ. ಚಹಾ, ಬಿಸ್ಕತ್ತು, ಭಜಿ, ಎಳನೀರಿನಂಥದ್ದು ಸಿಗುತ್ತದೆ. ಹೊತ್ತಿಗೆ ಸರಿಯಾಗಿ ಪೂರ್ತಿ ಊಟ ಸಿಕ್ಕರೆ ಅದೃಷ್ಟ. ಬಾದಾಮಿಯ ಖಾನಾವಳಿಯಲ್ಲಿ ಬೆಳಗ್ಗೆಯೇ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಸಿಕೊಳ್ಳಿ. ಕಟಕ್ ರೊಟ್ಟಿಯಾದರೆ ಸಂಜೆಯವರೆಗೂ ಕೆಡುವುದಿಲ್ಲ. ಚಿತ್ರಾನ್ನ, ಮೊಸರನ್ನ ಬಿಸಿಲಿನ ಗಾಡಿಯಲ್ಲಿ ಮಧ್ಯಾಹ್ನಕ್ಕೇ ಹುಳಿ ತಿರುಗುತ್ತವೆ. ನೀರು ತಲೆಗೆ ಎರಡು ಲೀಟರಿಗಿಂತ ಕಡಿಮೆ ಬೇಡ. ಗುಡಿಯೊಳಗೆ ಊಟದ ಪೊಟ್ಟಣ ಬಿಚ್ಚಬೇಡಿ, ಎಣ್ಣೆ ಕಲೆ ಮರಳುಗಲ್ಲಿನಲ್ಲಿ ಇಂಗಿದರೆ ಹೋಗುವುದೇ ಇಲ್ಲ. ಶೌಚಾಲಯವನ್ನು ದುರ್ಗ ಗುಡಿಯ ಆವರಣದಲ್ಲೇ ಬಳಸಿಕೊಂಡು ಹೊರಡಿ. ಹೆಂಗಸರು, ಮಕ್ಕಳು ಜೊತೆಗಿದ್ದರೆ ಇದನ್ನು ಮರೆಯಲೇಬೇಡಿ, ಹೊಳೆಯ ಕಡೆ ಹೋದಮೇಲೆ ಅನುಕೂಲವಿಲ್ಲ.

ಊರೊಳಗಿನ ಕೊಂತಿ ಗುಡಿಗಳಿಗೆ ಅರ್ಧ ತಾಸು ಕೊಡಿ. ಮನೆಗಳ ನಡುವೆಯೇ ಇವೆ, ಛಾವಣಿಯಲ್ಲಿ ಬ್ರಹ್ಮ, ಶೇಷಶಾಯಿ ವಿಷ್ಣು, ಶಿವ. ಪಕ್ಕದಲ್ಲಿ ಎಮ್ಮೆ ಕಟ್ಟಿರುತ್ತಾರೆ, ಕುಳ್ಳು ಒಣಗುತ್ತಿರುತ್ತದೆ. ಊರನ್ನು ಸ್ಥಳಾಂತರಿಸುವ ಮಾತು ವರ್ಷಗಳಿಂದ ನಡೆದೇ ಇದೆ. ಅದೇನೇ ಇರಲಿ, ಅವರ ಅಂಗಳದಲ್ಲಿ ನಿಂತು ಫೋಟೊ ತೆಗೆಯುವ ಮುನ್ನ 'ಅಕ್ಕಾರ, ಒಳಗ ಬರಬಹುದೇನ್ರಿ' ಎಂದು ಕೇಳುವುದು ಮರ್ಯಾದೆ. ಕೇಳಿದರೆ ಬೇಡವೆನ್ನುವವರು ಕಡಿಮೆ.

ಹೊಳೆಯ ದಂಡೆಯ ಗಳಗನಾಥ ಗುಂಪಿಗೆ ಗಾಡಿಯಲ್ಲೇ ಹೋಗಿ, ಬಿಸಿಲಲ್ಲಿ ನಡೆಯುವ ದಾರಿಯಲ್ಲ. ಮೂವತ್ತಕ್ಕೂ ಹೆಚ್ಚು ಸಣ್ಣ ದೊಡ್ಡ ಗುಡಿಗಳು ಒತ್ತೊತ್ತಾಗಿವೆ. ಮುಖ್ಯ ಗುಡಿಯ ಬಾಗಿಲಲ್ಲಿ ಗಂಗೆ, ಯಮುನೆಯರನ್ನು ನೋಡಿ. ಮಳೆಗಾಲದಲ್ಲಿ ಮಲಪ್ರಭೆಗೆ ನವಿಲುತೀರ್ಥ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಈ ಕಡೆಗೆ ಹೋಗುವ ಯೋಚನೆ ಕೈಬಿಡಿ. 2009 ಮತ್ತು 2019ರ ಪ್ರವಾಹಗಳಲ್ಲಿ ಐಹೊಳೆ, ಪಟ್ಟದಕಲ್ಲು ಎರಡಕ್ಕೂ ನೀರು ನುಗ್ಗಿತ್ತು. ಆಗಸ್ಟಿನಲ್ಲಿ ಹೊರಡುವವರು ಹಿಂದಿನ ದಿನ ಬಾದಾಮಿಯಲ್ಲಿ ಸೇತುವೆಗಳ ಸ್ಥಿತಿ ವಿಚಾರಿಸಿ. ಹೊತ್ತು ಸಾಲದಿದ್ದರೆ ಪಟ್ಟಿಯಿಂದ ಮೊದಲು ಕಿತ್ತು ಹಾಕಬೇಕಾದದ್ದು ಈ ಗುಂಪನ್ನೇ.

ಸಂಜೆಗೆ ರಾವಣ ಫಡಿ

ಕಿತ್ತು ಹಾಕಬಾರದ್ದು ರಾವಣ ಫಡಿ. ದುರ್ಗ ಗುಡಿಯಿಂದ ಈಶಾನ್ಯಕ್ಕೆ ಸುಮಾರು ಒಂದು ಕಿ.ಮೀ. ದೂರದ ಬಂಡೆಯಲ್ಲಿ ಕೊರೆದ ಗುಹೆ, ಆರನೆಯ ಶತಮಾನದ್ದು. ಒಂದು ಗಂಟೆಯ ಪ್ರವಾಸಿಗರು ಇದನ್ನು ತಪ್ಪಿಸಿಕೊಳ್ಳುವುದೇ ಹೆಚ್ಚು. ಗುಹೆಯ ಬಾಯಿ ನೈಋತ್ಯಕ್ಕಿದೆ. ಬೆಳಗ್ಗೆ ಹೋದರೆ ಒಳಗೆ ಮಬ್ಬು. ನಾಲ್ಕರ ನಂತರ, ಅದರಲ್ಲೂ ಚಳಿಗಾಲದಲ್ಲಿ, ಬಿಸಿಲು ಒಳಗಿನವರೆಗೆ ಹರಿದು ಬರುತ್ತದೆ. ದಾರಿಯಲ್ಲೇ ಹುಚ್ಚಿಮಲ್ಲಿ ಗುಡಿ ಸಿಗುತ್ತದೆ, ಮುಂದೆ ಮೆಟ್ಟಿಲುಬಾವಿಯಂಥ ಹೊಂಡ. ಅದರ ಮುಖಮಂಟಪದ ಛಾವಣಿಯಲ್ಲಿ ನವಿಲೇರಿದ ಕಾರ್ತಿಕೇಯನನ್ನು ನೋಡಿಕೊಂಡೇ ಮುಂದೆ ಹೋಗಿ.

ಗುಹೆಯ ಮುಂದೆ ಗೀರು ಹೊಡೆದ ಕಲ್ಲುಕಂಬ, ಬಾಗಿಲ ಪಕ್ಕದಲ್ಲಿ ಕುಬೇರನ ನಿಧಿಗಳ ಮೂರ್ತಿಗಳಾದ ಶಂಖನಿಧಿ, ಪದ್ಮನಿಧಿ. ಒಳಗೆ ಹೊಕ್ಕಾಗ ಎಡಕ್ಕಿರುವ ಕೋಣೆಗೆ ಮೊದಲು ಹೋಗಿ. ಮೂರು ಗೋಡೆಗಳನ್ನೂ ಆವರಿಸಿ ಹತ್ತು ಕೈಯ ನಟರಾಜ, ಸುತ್ತ ಸಪ್ತಮಾತೃಕೆಯರು, ಪಾರ್ವತಿ, ಗಣಪತಿ, ಕಾರ್ತಿಕೇಯ. ಬಾದಾಮಿಯ ಒಂದನೆಯ ಗುಹೆಯ ಹದಿನೆಂಟು ಕೈಯ ನಟರಾಜನನ್ನು ನೋಡಿ ಬಂದವರಿಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಅಲ್ಲಿ ಅವನು ಹೊರಗೆ ನಿಂತು ಕುಣಿಯುತ್ತಾನೆ, ದೂರ ನಿಂತು ನೋಡಬೇಕು. ಇಲ್ಲಿ ನೋಡುವವರು ಕುಣಿತದ ನಡುವೆಯೇ ನಿಂತಿರುತ್ತಾರೆ. ಮಾತೃಕೆಯರ ಎತ್ತರದ ಕಿರೀಟ, ತೆಳು ಮೈ, ಕಾಲಿಗಿಳಿದ ಸೀರೆಯ ನೆರಿಗೆ ಗಮನಿಸಿ. ನೆರಿಗೆಗಳನ್ನು ಆಳವಾಗಿ ಕೊರೆದಿಲ್ಲ, ಗೀಟು ಎಳೆದಂತೆ ಸಮಾನಾಂತರವಾಗಿ ಗೀರಿದ್ದಾರೆ. ಓರೆ ಬೆಳಕಿನಲ್ಲಿ ಅವು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಹಳೆಯ ಗಾರೆ, ಬಣ್ಣದ ಕುರುಹು ಅಲ್ಲಲ್ಲಿ ಉಳಿದಿದೆ. ಅದಕ್ಕಾಗಿಯೇ ಗೋಡೆಗೆ ಒರಗಬಾರದು, ಕೈ ಸವರಬಾರದು. ಕೈಯ ಬೆವರು, ಎಣ್ಣೆ ತಾಗಿ ತಾಗಿ ಮೊಣಕಾಲಿನ ಮಟ್ಟದ ಶಿಲ್ಪಗಳು ನುಣುಪಾಗಿ ಕಪ್ಪಾಗುವುದನ್ನು ಹಲವು ಗುಡಿಗಳಲ್ಲಿ ನೋಡಬಹುದು.

ನಡುವಣ ಅಂಕಣದಲ್ಲಿ ಅರ್ಧನಾರೀಶ್ವರ, ಹರಿಹರ, ಗಂಗಾಧರ ಇದ್ದಾರೆ. ಗಂಗಾಧರನ ಮೇಲೆ ಮೂವರು ನದೀದೇವತೆಯರು, ಪಕ್ಕದಲ್ಲಿ ತಪಸ್ಸಿನಿಂದ ಎಲುಬು ಕಾಣುವಷ್ಟು ಸೊರಗಿದ ಭಗೀರಥ. ಗರ್ಭಗುಡಿಯ ಮುಂದೆ ಎರಡು ಬದಿಗೆ ವರಾಹ, ಮಹಿಷಮರ್ದಿನಿ. ಬೆಳಗ್ಗೆ ದುರ್ಗ ಗುಡಿಯಲ್ಲಿ ನೋಡಿದ ಇದೇ ಇಬ್ಬರ ಜೊತೆ ಹೋಲಿಸಿ: ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅದೇ ವಸ್ತು ಎಷ್ಟು ಬದಲಾಗಿದೆ ಎಂಬುದು ಯಾವ ಫಲಕದಲ್ಲೂ ಬರೆದಿಲ್ಲ. ಇಲಾಖೆಯ ನೀಲಿ ಫಲಕಗಳ ಮೇಲಿನ ದೂರೂ ಅದೇ. ಕಾಲ, ವಂಶ, ಅಳತೆ ಹೇಳುತ್ತವೆ. ಕಣ್ಣು ಎಲ್ಲಿ ನಿಲ್ಲಬೇಕು ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಪರವಾನಗಿ ಇರುವ ಮಾರ್ಗದರ್ಶಿ ಸಿಕ್ಕರೆ ದುಡ್ಡು ದಂಡವಲ್ಲ. ಯಾವ ಯಾವ ಗುಂಪು, ಎಷ್ಟು ತಾಸು, ಎಷ್ಟು ಹಣ ಎಂದು ಮೊದಲೇ ಮಾತಾಡಿಕೊಳ್ಳಿ. ರಾವಣ ಫಡಿ ಮತ್ತು ಮೇಗುಟಿ ಆ ಮಾತಿನಲ್ಲಿ ಸೇರಿವೆಯೇ ಎಂದು ಬಿಡಿಸಿ ಕೇಳಿ.

ಚೀಲದಲ್ಲಿ ಇರಬೇಕಾದದ್ದು: ಟಾರ್ಚ್ (ಫೋನಿನದು ಛಾವಣಿಯವರೆಗೆ ಮುಟ್ಟುವುದಿಲ್ಲ), ಟೊಪ್ಪಿಗೆ, ದಪ್ಪ ಕಾಲುಚೀಲ. ಚಪ್ಪಲಿ ಬಿಡಲು ಹೇಳುವ ಕಡೆ ಮಧ್ಯಾಹ್ನದ ಕಲ್ಲಿನ ಮೇಲೆ ಬರಿಗಾಲಲ್ಲಿ ಹತ್ತು ಹೆಜ್ಜೆ ಇಡಲೂ ಆಗುವುದಿಲ್ಲ. ಸಣ್ಣ ದುರ್ಬೀನು ಇದ್ದರೆ ಛಾವಣಿಗಳಿಗೆ ವರವೇ ಸರಿ. ಕತ್ತಲ ಗರ್ಭಗುಡಿಗಳಲ್ಲಿ ಬಾವಲಿಗಳಿರುತ್ತವೆ, ಕೆಲವು ಶಿಖರಗಳಲ್ಲಿ ಹೆಜ್ಜೇನು. ಕೂಗಾಟ, ಸಿಗರೇಟಿನ ಹೊಗೆ ಎರಡೂ ಅಲ್ಲಿ ಅಪಾಯ.

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಬನಶಂಕರಿ ಜಾತ್ರೆಯ ಹೊತ್ತಿಗೆ, ಜನವರಿಯಲ್ಲಿ, ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟ. ಜಾತ್ರೆಯೂ ಬೇಕೆನ್ನುವವರು ಮುಂಚೆಯೇ ಕಾದಿರಿಸಿ. ಎರಡು ದಿನವಿದ್ದರೆ ಮೊದಲ ದಿನ ಐಹೊಳೆ, ಎರಡನೆಯ ದಿನ ಬೆಳಗ್ಗೆ ಪಟ್ಟದಕಲ್ಲು. ಅಲ್ಲಿನ ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳೂ ಪೂರ್ವಾಭಿಮುಖ, ಬೆಳಗಿನ ಬೆಳಕೇ ಬೇಕು. ಟಿಕೆಟ್ 40 ರೂಪಾಯಿ. ಮಧ್ಯಾಹ್ನ ಮಹಾಕೂಟದ ಹೊಂಡದ ಬಳಿ ನೆರಳು, ಸಂಜೆ ಬಾದಾಮಿಯಲ್ಲಿ ಕೆರೆದಂಡೆಯ ಭೂತನಾಥ ಗುಡಿ. ಐಹೊಳೆಯಲ್ಲಿ ಶಿಲ್ಪಿಗಳು ಮಾಡಿ ನೋಡಿದ್ದನ್ನು ಮೊದಲು ಕಂಡವರಿಗೆ, ಪಟ್ಟದಕಲ್ಲಿನಲ್ಲಿ ಅದು ಪಳಗಿದ ರೀತಿ ಬೇಗ ಹಿಡಿತಕ್ಕೆ ಸಿಗುತ್ತದೆ. ತಿರುವುಮುರುವಾದರೆ ಐಹೊಳೆ ಸಪ್ಪೆ ಅನ್ನಿಸುತ್ತದೆ. 1987ರಲ್ಲೇ ವಿಶ್ವಪರಂಪರೆಯ ಪಟ್ಟಿ ಸೇರಿದ್ದು ಪಟ್ಟದಕಲ್ಲು. ಐಹೊಳೆ ಇನ್ನೂ ತಾತ್ಕಾಲಿಕ ಪಟ್ಟಿಯಲ್ಲೇ ಇದೆ. ಸೌಕರ್ಯಗಳ ಅಂತರಕ್ಕೆ ಅದೂ ಒಂದು ಕಾರಣವಿರಬೇಕು.

ಹುನಗುಂದ, ಕೂಡಲಸಂಗಮದ ಕಡೆಗೆ ಮರಳುವವರಿಗೆ ಅಮೀನಗಡ ದಾರಿಯಲ್ಲೇ ಸಿಗುತ್ತದೆ, ಅಲ್ಲಿ ಕರದಂಟು ಕೊಳ್ಳಿ. ಬೆಲೆ ಡಬ್ಬಿಯ ಅಂದದಿಂದಲ್ಲ, ಅಂಟು ಮತ್ತು ಒಣಹಣ್ಣಿನ ಪ್ರಮಾಣದಿಂದ ಏರುತ್ತದೆ. ಒಂದು ತುಂಡು ಮುರಿದು ತೋರಿಸಲು ಹೇಳಿ, ಒಳಗೆ ಕರಿದ ಅಂಟು ಕಾಣದೆ ಬರಿ ಬೆಲ್ಲವೇ ಕಂಡರೆ ಪಕ್ಕದ ಅಂಗಡಿಗೆ ಹೋಗಿ.